ಬೂಟಿಗೆ ಕಟ್ಟಿದ ಹಳದಿ ತಂತಿ

ಕಾಫಿ ಉಕ್ಕುತ್ತಿದೆ, ಇಳಿಸಬೇಕು, ಒಲೆಯ ಮೇಲೆ ಚೆಲ್ಲಿದರೆ ಬೀಗರ ಮೂಗಿಗೆ ಮೊದಲು ಹೋಗುವುದು ಆ ಸುಟ್ಟ ವಾಸನೆಯೇ, ಇಳಿಸು ಸಲೀಹಾ, ಇಳಿಸು — ಇಳಿಸಿದೆ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದೆ, ಬಟ್ಟಲು ಜೋಡಿಸುತ್ತಿದೆ, ಕಿತ್ತಳೆ ಹೂವಿನ ನೀರನ್ನು ಒಂದೊಂದೇ ಹನಿ ಬಿಡುತ್ತಿದೆ, ಕೈಗೆ ಕಿವಿ ಇಲ್ಲವಲ್ಲ, ಕೇಳಿಸಿಕೊಂಡವಳು ನಾನು, ಗೋಡೆಯಾಚೆ ನಡುಮನೆಯ ದಿವಾನದ ಮೇಲೆ ಕೂತು ಆತ ಗಂಟಲು ಸರಿಮಾಡಿಕೊಂಡು ಹೇಳಿದ ಮಾತು, ನೋಡಿ ಬುವಾಲೆಮ್ ಅವರೇ, ನಾಳೆ ಮೂರನೆಯವರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ, ಹುಡುಗನ ದೊಡ್ಡಪ್ಪ ನಾನು, ನಾನೇ ಹೇಳ್ಬಿಡ್ತೀನಿ, ಆ ವರ್ಷಗಳಲ್ಲಿ ನಾನು ಬೆಟ್ಟದಲ್ಲಿದ್ದೆ, ಆಮೇಲೆ ಸರ್ಕಾರ ಕರೀತು, ಇಳಿದು ಬಂದೆ, ಮಾಫಿ ಆಯ್ತು. ಅಷ್ಟೇ. ನಿನ್ನೆ ಬಿಸಿಲು ಜಾಸ್ತಿಯಿತ್ತು ಅಂದ ಹಾಗೆ ಅಂದುಬಿಟ್ಟ. ನನ್ನ ಗಂಡ ಬುವಾಲೆಮ್ ಏನು ಹೇಳುತ್ತಾನೆ, ಈ ದೇಶದಲ್ಲಿ ಎಲ್ಲರೂ ಹೇಳುವುದನ್ನೇ ಹೇಳಿದ, ಅಯ್ಯೋ ಬಿಡಿ ತಯ್ಯಬ್ ಅವರೇ, ಅದೆಲ್ಲ ಆಗಿಹೋದ ಕಥೆ, ಮಕ್ಕಳ ವಿಷಯ ಮಾತಾಡೋಣ, ಮಕ್ರೂತ್ ತಗೊಳ್ಳಿ, ನಮ್ಮನೆಯವಳು ಮಾಡಿದ್ದು, ಖರ್ಜೂರ ಸ್ವಲ್ಪ ಜಾಸ್ತೀನೇ ತುಂಬ್ತಾಳೆ. ಆತ ತೆಗೆದುಕೊಂಡ. ಹಲ್ಲಿನ ನಡುವೆ ರವೆ ಪುಡಿಯಾಗುವ ಸದ್ದು ನನಗೆ ಕೇಳಿಸಿತು — ಇಲ್ಲ, ಹೇಗೆ ಕೇಳಿಸುತ್ತದೆ, ಗೋಡೆ ಅಷ್ಟು ತೆಳ್ಳಗಿಲ್ಲ, ಅದು ನಾನೇ ಸೇರಿಸಿಕೊಂಡದ್ದು.

ಬೆಟ್ಟದಲ್ಲಿದ್ದೆ. ಏನು, ಮೇಕೆ ಮೇಯಿಸುತ್ತಿದ್ದೆಯೋ, ಜೇನು ಕೀಳುತ್ತಿದ್ದೆಯೋ? ನಮ್ಮಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಬೆಟ್ಟದಲ್ಲಿದ್ದ ಎಂದರೆ ಮುಗಿಯಿತು, ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದ, ಯಾರನ್ನೋ ಕೊಂದಿದ್ದ, ಇಲ್ಲವೇ ಕೊಲ್ಲುವವರಿಗೆ ರೊಟ್ಟಿ ಸುಟ್ಟುಕೊಟ್ಟಿದ್ದ, ಉಳಿದದ್ದನ್ನು ಕೇಳಿದವರು ನುಂಗಿಕೊಳ್ಳಬೇಕು. ಫ್ರೆಂಚರ ವಿರುದ್ಧ ನಡೆದ ಯುದ್ಧವಾದರೆ ಬೀದಿಗೊಂದು ಹೆಸರು, ಚೌಕಕ್ಕೊಂದು ಪ್ರತಿಮೆ, ವರ್ಷಕ್ಕೆರಡು ರಜೆ, ನಾವು ನಾವೇ ಕೊಯ್ದುಕೊಂಡದ್ದಕ್ಕೆ ಹೆಸರೂ ಇಲ್ಲ, ಯುದ್ಧ ಎನ್ನುವುದಿಲ್ಲ, ಆ ವರ್ಷಗಳು ಎನ್ನುತ್ತೇವೆ, ಅದನ್ನೂ ದನಿ ತಗ್ಗಿಸಿ. ಹಳೆಯ ಗಾಯ ಕೆದಕಿದವರಿಗೆ ಜೈಲು, ಇಳಿದು ಬಂದವರಿಗೆ ಮಾಫಿ, ಎರಡೂ ಒಂದೇ ಕಾನೂನಿನಲ್ಲಿ. ಬಂದವರಲ್ಲಿ ಒಬ್ಬ ತರಕಾರಿ ಅಂಗಡಿ ಇಟ್ಟ, ಒಬ್ಬ ಟ್ಯಾಕ್ಸಿ ಓಡಿಸಿದ, ನಾವು ಅವರ ಹತ್ತಿರವೇ ಟೊಮೇಟೊ ಕೊಂಡೆವು, ಕೊಳೆತದ್ದು ಹಾಕಬೇಡಪ್ಪ ಎಂದು ಜಗಳವನ್ನೂ ಆಡಿದೆವು, ಟೊಮೇಟೊಗೆ ಜಗಳ ಆಡಬಹುದಿತ್ತು. ಯಾವ ಬೆಟ್ಟ ಎಂದು ಬುವಾಲೆಮ್ ಕೇಳಲಿಲ್ಲ, ಕೇಳಬೇಡ ಬುವಾಲೆಮ್ ಎಂದು ನಾನಿಲ್ಲಿ ಒಲೆಯ ಮುಂದೆ ನಿಂತು ಹಲ್ಲು ಕಚ್ಚಿದ್ದೆ, ಆದರೂ ಆತ ತಾನಾಗಿಯೇ ಹೇಳಿದ, ಶಿಫ್ಫಾ ಕಣಿವೆ ಮೇಲುಗಡೆ, ಮೆದಿಯಾ ರಸ್ತೆಗೆ ಇಳಿಯೋ ಜಾಗ. ಬುವಾಲೆಮ್ ಕೆಮ್ಮಿದ, ಸುಮ್ಮನೆ ಕೆಮ್ಮುವವನಲ್ಲ ಅವನು, ಅವನಿಗೆ ನನ್ನ ತಮ್ಮ ಮುರಾದನ ವಿಷಯ ಗೊತ್ತು, ನನ್ನನ್ನು ಮದುವೆಯಾಗುವಾಗಲೇ ಗೊತ್ತಿತ್ತು.

ಮೆದಿಯಾ ರಸ್ತೆ, ಬಸ್ಸು, ಕಿಟಕಿಯ ಪಕ್ಕ ನನ್ನ ತಮ್ಮ ಮುರಾದ್, ಈಚೆ ನಾನು, ಅವನ ಮೈಮೇಲೆ ಯಮ್ಮಾ ಹೆಣೆದ ಹಸಿರು ಸ್ವೆಟರು, ತೋಳು ಒಂದು ಉದ್ದ ಒಂದು ಗಿಡ್ಡ, ಅಮ್ಮನಿಗೆ ಅಳತೆ ಯಾವತ್ತೂ ಬರಲಿಲ್ಲ, ಪಡೆಯಲ್ಲಿ ನಗ್ತಾರೆ ಕಣೇ ಎಂದು ಅವನು ಗಿಡ್ಡ ತೋಳನ್ನು ಎಳೆದೆಳೆದು ಉದ್ದ ಮಾಡುತ್ತಿದ್ದಾನೆ. ಕಡ್ಡಾಯ ಸೈನ್ಯಸೇವೆಯ ಹುಡುಗ, ರಜೆಗೆ ಬಂದವನು, ಅಂಥವರು ಸೈನ್ಯದ ಗುರುತು ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ, ಬೂಟಿನೊಳಗೆ ಅಂಗಾಲಿನ ಕೆಳಗೆ ಇಟ್ಟುಕೊಳ್ಳಬೇಕು, ರಸ್ತೆಯಲ್ಲಿ ನಿಲ್ಲಿಸುವವರು ಯಾರೋ ಹೇಗೆ ಗೊತ್ತು, ಪಡೆಯವರದೂ ಅದೇ ಹಸಿರು ಉಡುಪು, ಬೆಟ್ಟದವರು ಕದ್ದು ತೊಟ್ಟದ್ದೂ ಅದೇ ಉಡುಪು, ನಿಜವಾದ ತಪಾಸಣೆಯಲ್ಲಿ ಚೀಟಿ ತೋರಿಸದಿದ್ದರೆ ಏಟು, ಸುಳ್ಳು ತಪಾಸಣೆಯಲ್ಲಿ ತೋರಿಸಿದರೆ ಕತ್ತು. ಅದಕ್ಕೇ ಇಡೀ ದೇಶ ಒಂದು ಉಪಾಯ ಕಲಿತಿತ್ತು, ಮುಖ ನೋಡಬೇಡ, ಕಾಲು ನೋಡು, ಉಡುಪು ಕದಿಯಬಹುದು, ಬೂಟು ಎಲ್ಲರ ಅಳತೆಗೂ ಸಿಗುವುದಿಲ್ಲ, ಬೆಟ್ಟದವರ ಕಾಲಲ್ಲಿ ಓಟದ ಬಟ್ಟೆ ಬೂಟು ಇರುತ್ತದೆ, ಪಡೆಯವರ ಕಾಲಲ್ಲಿ ಕಪ್ಪು ತೊಗಲಿನ ಬೂಟು. ಬಸ್ಸು ನಿಂತಿತು. ಮುಂದಿನ ಬಾಗಿಲಿಂದ ಹತ್ತಿದರು. ಎಲ್ಲರ ಕತ್ತೂ ಒಟ್ಟಿಗೆ ಬಾಗಿತು, ನಮಾಜಿನಲ್ಲೂ ಅಷ್ಟು ಒಟ್ಟಿಗೆ ಬಾಗುವುದಿಲ್ಲ ಜನ — ಕಪ್ಪು ತೊಗಲಿನ ಬೂಟು. ಬಸ್ಸಿಗೆ ಬಸ್ಸೇ ಉಸಿರು ಬಿಟ್ಟಿತು, ಹಿಂದೆ ಯಾವುದೋ ಮುದುಕಿ ದೇವರ ಹೆಸರು ಹೇಳಿದಳು, ನಮ್ಮವರೇ ಕಣೇ ಎಂದ ಮುರಾದ್ ನನ್ನ ಕಿವಿಯಲ್ಲಿ, ಬೇಗ ಬಿಡ್ತಾರೆ ನೋಡು, ಎನ್ನುತ್ತಲೇ ಬಗ್ಗಿ ಬೂಟು ಕಳಚಿ ಚೀಟಿ ತೆಗೆದ, ಹಲ್ಲು ಕಾಣುವಂತೆ ನಕ್ಕು, ನಾನೂ ನಿಮ್ಮವನೇ ಅಣ್ಣಾ, ರಜೆ ಮೇಲೆ ಬಂದಿದೀನಿ. ಅಷ್ಟರಲ್ಲಿ ಆ ಬೂಟು ನನ್ನ ಆಸನದ ಪಕ್ಕಕ್ಕೆ ಬಂದು ನಿಂತಿತ್ತು. ಅದಕ್ಕೆ ಲಾಡಿ ಇರಲಿಲ್ಲ. ಲಾಡಿಯ ಬದಲು ಹಳದಿ ತಂತಿ, ಪ್ಲಾಸ್ಟಿಕ್ ಹೊದಿಕೆಯ ತೆಳು ತಂತಿ, ತೂತುಗಳಲ್ಲಿ ಅಡ್ಡಾದಿಡ್ಡಿ ನುಗ್ಗಿಸಿ, ಹಿಮ್ಮಡಿಯ ಮೇಲೆ ಎರಡು ಸುತ್ತು ಸುತ್ತಿ, ಹಿಟ್ಟಿನ ಚೀಲದ ಬಾಯಿಗೆ ಹಾಕುವಂಥ ತಿರುವು. ಪಡೆಯಲ್ಲಿ ಯಾರು ಬೂಟಿಗೆ ತಂತಿ ಕಟ್ಟುತ್ತಾರೆ. ನಾನು ನೋಡಿದ್ದಕ್ಕೂ ಅವನು ಬಾಯಿ ಬಿಟ್ಟದ್ದಕ್ಕೂ ನಡುವೆ ಉಸಿರೆಳೆಯುವಷ್ಟು ಜಾಗವೂ ಇರಲಿಲ್ಲ. ಹೌದಾ ತಮ್ಮಾ, ಎಂದಿತು ಮೇಲಿನಿಂದ ದನಿ, ಸಿಟ್ಟಿಲ್ಲ, ಗದರಿಕೆ ಇಲ್ಲ, ಹಾಗಾದ್ರೆ ಇಳಿ, ನಮ್ಮ ದೊಡ್ಡವರು ಮಾತಾಡಿಸ್ತಾರೆ. ಮುರಾದ್ ನನ್ನ ಮಂಡಿ ದಾಟಿಕೊಂಡು ಹೋದ, ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಬರೀ ಕಾಲುಚೀಲ.

ಆ ದನಿ ಇದೇನಾ? ಗೋಡೆಗೆ ಕಿವಿ ಒತ್ತಿದರೂ ಹೇಳಲಾರೆ. ಅದನ್ನು ತಲೆಯೊಳಗೆ ಎಷ್ಟು ಸಲ ಆಡಿಸಿದ್ದೇನೆ ಎಂದರೆ ಸವೆದುಹೋಗಿದೆ, ಒಂದು ವರ್ಷ ನನ್ನ ಭಾವನ ದನಿಯಂತೆ ಕೇಳಿತ್ತು, ಒಮ್ಮೆ ರೇಡಿಯೊದಲ್ಲಿ ಹವಾಮಾನ ಓದುವವನ ದನಿಯಂತೆ, ಆಗ ರೇಡಿಯೊ ಆರಿಸಿಬಿಟ್ಟಿದ್ದೆ. ಮುಖ ನೋಡಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ, ಮುಖ ನೋಡಿದವರನ್ನು ಅವರು ಉಳಿಸುತ್ತಿರಲಿಲ್ಲ. ನನ್ನ ಹತ್ತಿರ ಇರುವುದು ಒಂದು ಬೂಟು, ಒಂದು ತಂತಿ. ಅಷ್ಟರ ಮೇಲೆ ಒಬ್ಬ ಮನುಷ್ಯನನ್ನು ಕಟ್ಟಿ ನಿಲ್ಲಿಸಿಕೊಂಡು ಇಷ್ಟು ವರ್ಷ ಬೈದಿದ್ದೇನೆ, ಈಗ ಅವನು ಅರವತ್ತು ದಾಟಿ, ಗಡ್ಡ ಟ್ರಿಮ್ ಮಾಡಿಸಿಕೊಂಡು, ಒಂದು ಬುಟ್ಟಿ ಹಣ್ಣು ಹಿಡಿದು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಿದ್ದಾನೆ, ಅಥವಾ ಬಂದಿಲ್ಲ, ಬಂದವನು ಬೇರೆ ಯಾರೋ. ಬಾಗಿಲಲ್ಲಿ ಆತ ಬೂಟು ಕಳಚುವಾಗ ನೋಡಿದೆ, ನೋಡದೆ ಬಿಡುತ್ತೇನೆಯೇ, ಕಂದು ತೊಗಲು, ಲಾಡಿಯೇ ಇಲ್ಲದ ಜಾತಿ, ಸುಮ್ಮನೆ ಕಾಲು ತೂರಿಸುವುದು. ಏನೂ ಹೇಳದ ಬೂಟು. ಒಳಗೆ ಬಂದು ನೇರ ಯಮ್ಮಾ ಕೂತಲ್ಲಿಗೆ ಹೋದ, ಹಿರಿಯರಿಗೆ ಮಾಡಬೇಕಾದ ಹಾಗೆ ಬಗ್ಗಿ ಅವಳ ನೆತ್ತಿಗೆ ಮುತ್ತು ಕೊಟ್ಟ. ದೇವರು ನಿನ್ನ ತಣ್ಣಗಿಟ್ಟಿರಲಿ ಮಗನೇ, ಎಂದಳು ನನ್ನ ತಾಯಿ, ಅವನ ಕೆನ್ನೆ ಸವರಿ. ಮುರಾದನನ್ನು ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ತಂದಾಗ ಅವಳ ಕೈಗೆ ಕೆನ್ನೆ ಸವರಲು ಬಿಟ್ಟಿರಲಿಲ್ಲ, ತೆಗೆಯಬೇಡಿ ಎಂದಿದ್ದರು.

ಗಾಳಿ ಇಲ್ಲ ಇಲ್ಲಿ. ಕಿಟಕಿ ತೆರೆದರೆ ಸರಳು, ಸರಳಿನಾಚೆ ಎದುರು ಮನೆಯ ಸರಳು, ಐದನೇ ಮಹಡಿಯಲ್ಲಿ ಯಾವ ಕಳ್ಳ ಹತ್ತಿ ಬರುತ್ತಾನೆ ಅಮ್ಮಾ ಎಂದು ಮಗಳು ಶಹಿನಾಝ್ ಚಿಕ್ಕಂದಿನಲ್ಲೇ ಕೇಳಿದ್ದಳು, ಕಳ್ಳ ಅಲ್ಲ ಪುಟ್ಟಾ ಎಂದಿದ್ದೆ. ಬ್ಲಿದಾ ಊರಲ್ಲಿ ಆ ವರ್ಷಗಳಲ್ಲಿ ಉದ್ಧಾರವಾದವರೆಂದರೆ ವೆಲ್ಡಿಂಗ್ ಅಂಗಡಿಯವರು, ಬಾಲ್ಕನಿಗೆ ಸರಳು, ಬಾಗಿಲಿಗೆ ಇನ್ನೊಂದು ಕಬ್ಬಿಣದ ಬಾಗಿಲು, ಮೆಟ್ಟಿಲಿಗೆ ಗೇಟು, ಗುಲಾಬಿಯ ಊರು ಎಂದು ಹೆಸರು ನಮಗೆ, ಗುಲಾಬಿಗೂ ಸರಳು. ಯುದ್ಧ ಮುಗಿಯಿತು ಎಂದು ಟಿವಿಯಲ್ಲಿ ಹೇಳಿದರು, ಒಬ್ಬರೂ ಸರಳು ಕೀಳಿಸಲಿಲ್ಲ, ಹೊಸ ಮನೆ ಕಟ್ಟುವವರೂ ಮೊದಲು ಸರಳು ಹಾಕಿಸಿ ಆಮೇಲೆ ಗಾಜು ಹಾಕಿಸುತ್ತಾರೆ, ಮೂವತ್ತು ವರ್ಷದ ಹುಡುಗರಿಗೆ ಅದು ಯಾಕೆ ಎಂದೂ ಗೊತ್ತಿಲ್ಲ, ಮನೆ ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದಾರೆ. ನಾನು ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರುವುದಿಲ್ಲ. ಬುವಾಲೆಮ್ ಮನೆಗೆ ಬರುವ ಬೀದಿಯನ್ನು ಇವತ್ತಿಗೂ ಬದಲಾಯಿಸುತ್ತಲೇ ಇರುತ್ತಾನೆ, ಕೇಳಿದರೆ ನಡಿಗೆ ಒಳ್ಳೇದು ಅಂದ್ರು ಡಾಕ್ಟ್ರು ಎನ್ನುತ್ತಾನೆ. ಶಹಿನಾಝ್ ಮೆಚ್ಚಿದ ಅನೀಸ್ ಮೊದಲ ಸಲ ಮನೆಗೆ ಬಂದಾಗ ನಾನು ನೋಡಿದ್ದು ಅವನ ಕಾಲಲ್ಲಿದ್ದ ಬಿಳಿ ಓಟದ ಬೂಟು, ಸುತ್ತಾಡಿ ಬಂದ ಮಣ್ಣು, ಈ ಹುಡುಗ ಬೇಡ ಎಂದುಬಿಟ್ಟೆ, ಯಾಕಮ್ಮಾ ಎಂದು ಮಗಳು ಅತ್ತಳು, ಕಾರಣ ಹೇಳಲಿಕ್ಕೇ ಆಗಲಿಲ್ಲ, ಕೊನೆಗೆ ಅವಳೇ ಹುಡುಕಿಕೊಂಡಳು, ಅಯ್ಯೋ ಅಮ್ಮಾ, ಇಡೀ ದೇಶದ ಹುಡುಗರು ಅದನ್ನೇ ಹಾಕೋದು, ನೀನು ಜನರ ಮುಖಾನೇ ನೋಡಲ್ಲ, ಬೂಟಿನಂಗಡಿಯವರ ಥರ ಕಾಲು ನೋಡ್ತೀಯ, ಎಂದು ನಕ್ಕಳು. ಒಳ್ಳೆಯ ಹುಡುಗ ಅನೀಸ್. ಔಷಧಿ ಅಂಗಡಿಯಲ್ಲಿ ಕೆಲಸ, ಯಮ್ಮಾಳ ಮಾತ್ರೆಗಳನ್ನು ತಾನೇ ಪೊಟ್ಟಣ ಕಟ್ಟಿ ತಂದುಕೊಡುತ್ತಾನೆ. ಅಪ್ಪ ಸತ್ತ ಮೇಲೆ ಅವನನ್ನು ಸಾಕಿದ್ದು ಈ ದೊಡ್ಡಪ್ಪನೇ ಅಂತೆ, ಬೆಟ್ಟದಿಂದ ಇಳಿದು ಬಂದು ಸಾಕಿದ, ಓದಿಸಿದ, ಒಂದು ದಿನವೂ ಕೈ ಮಾಡಲಿಲ್ಲವಂತೆ.

ಬಾಗಿಲಲ್ಲಿ ಶಹಿನಾಝ್, ಕರಾಕೋ ಉಡುಪು, ನೀಲಿ ಮಖಮಲ್ಲು, ಜರಿ, ನನ್ನ ಮದುವೆಗೆ ನಾನು ತೊಟ್ಟದ್ದೇ ಬಿಗಿ ಮಾಡಿಸಿದ್ದು, ಎಷ್ಟು ಚೆನ್ನಾಗಿ ಕಾಣುತ್ತಾಳೆ ನನ್ನ ಕೂಸು, ಕಾಫಿ ಆಯ್ತಾ ಅಮ್ಮಾ, ಹೆಂಗಸರ ಕೋಣೆಯಲ್ಲಿ ಅನೀಸ್ ಅಮ್ಮ ಕಾಯ್ತಾ ಇದಾರೆ, ಎಂದವಳು ನನ್ನ ಮುಖ ನೋಡಿ ನಿಂತಳು. ಕೇಳಿಸ್ಕೊಂಡ್ಯಾ, ಎಂದಳು. ನಿಂಗೆ ಗೊತ್ತಿತ್ತಾ, ಎಂದೆ. ಗೊತ್ತಿತ್ತು. ಯಾವಾಗಿಂದ? ಮೊದಲಿಂದ, ಅನೀಸ್ ಹೇಳಿದ್ದ, ಮುಚ್ಚಿಡಬಾರದು ಅಂತ ದೊಡ್ಡಪ್ಪಂಗೆ ಹೇಳಿದ್ದೂ ಅವನೇ. ಮುರಾದ್ ಮಾಮನ ವಿಷಯ ಅನೀಸಂಗೆ ಗೊತ್ತಾ? ಅವಳು ಅಂಚಿನ ಜರಿ ಕೀಳುತ್ತಾ ನಿಂತಳು, ಗೊತ್ತು ಅಂದೋ ಇಲ್ಲ ಅಂದೋ ತಲೆ ಆಡಿಸಿದಳು. ಮೆದಿಯಾ ರಸ್ತೆ ಕಣೇ ಎಂದೆ, ಅದೇ ಕಣಿವೆ, ಅದೇ ಜಾಗ, ಅವನೇ ಇರಬಹುದು. ಇರಬಹುದು ಅಮ್ಮಾ, ಎಂದಳು, ಇಲ್ದೇ ಇರಬಹುದು, ಇನ್ನೂರು ಮುನ್ನೂರು ಜನ ಇದ್ರಂತೆ ಅಲ್ಲಿ, ನೀನು ಯಾರನ್ನ ನೋಡಿದ್ರೂ ಇರಬಹುದು ಅಂತೀಯ, ಬ್ಯಾಂಕಿನವನು ಇರಬಹುದು, ಹಲ್ಲಿನ ಡಾಕ್ಟ್ರು ಇರಬಹುದು. ದನಿ ಏರಿತು, ತಾನೇ ತಗ್ಗಿಸಿಕೊಂಡಳು, ಅದನ್ನೂ ನಮ್ಮಿಂದಲೇ ಕಲಿತದ್ದು, ದನಿ ತಗ್ಗಿಸುವುದನ್ನು. ನಾನು ಆ ಬಸ್ಸಲ್ಲಿ ಇರ್ಲಿಲ್ಲ ಅಮ್ಮಾ. ನಾನು ಹುಟ್ಟೇ ಇರ್ಲಿಲ್ಲ. ನೀನು, ಅಪ್ಪ, ಅಜ್ಜಿ, ಈ ಕಟ್ಟಡದೋರು ಎಲ್ರೂ, ಒಬ್ರೂ ಆ ಬಸ್ಸಿಂದ ಇಳಿಯಲ್ಲ, ನನ್ನನ್ನೂ ಹತ್ತಿಸ್ಕೊಂಡು ಬಾಗಿಲು ಹಾಕ್ಕೋತೀರಾ. ಅವಳ ಕಣ್ಣು ತುಂಬಿತ್ತು, ಕಾಡಿಗೆ ಕರಗುತ್ತದೆಂದು ತಲೆ ಮೇಲೆತ್ತಿ ಬೆರಳ ತುದಿಯಿಂದ ಒತ್ತಿಕೊಂಡಳು. ಬೇಡ ಅಂದ್ರೆ ಈಗ್ಲೇ ಹೇಳು. ಫಾತಿಹಾ ಓದಿದ ಮೇಲೆ ಹೇಳ್ಬೇಡ. ಮಗಳು ನನಗೆ ಗಡುವು ಕೊಡುತ್ತಿದ್ದಾಳೆ, ಸರಿಯೇ, ಗಂಡಸರು ಕೈಯೆತ್ತಿ ಫಾತಿಹಾ ಓದಿಬಿಟ್ಟರೆ ಮಾತು ಕೊಟ್ಟ ಹಾಗೆ, ಆಮೇಲೆ ಮುರಿಯುವುದೆಂದರೆ ಹುಡುಗಿಯ ಹೆಸರೇ ಮುರಿಯುವುದು. ಹೋಗು, ಎಂದೆ, ಮಕ್ರೂತ್ ತಟ್ಟೆ ತಗೊಂಡು ಹೋಗು, ಬೀಗಿತ್ತಿ ಒಬ್ರೇ ಇದಾರೆ. ಹೋದಳು. ಒಳಗೆ ಏನೋ ಹೇಳಿರಬೇಕು, ಬೀಗಿತ್ತಿ ನಕ್ಕದ್ದು ಕೇಳಿಸಿತು, ಆಮೇಲೆ ಶಹಿನಾಝಳ ನಗು, ಅಳು ನುಂಗಿದ ಮೇಲೆ ಬರುವ ನಗು ನನಗೆ ಗುರುತು ಸಿಗುತ್ತದೆ, ನಾನೇ ಹೆತ್ತವಳು.

ಅಸರ್ ಬಾಂಗ್. ಮೊದಲು ದೊಡ್ಡ ಮಸೀದಿ, ಅದರ ಹಿಂದೆಯೇ ಸಂತೆಯ ಬೀದಿಯದು, ಒಂದು ಇನ್ನೊಂದರ ಮೇಲೆ ಬೀಳುತ್ತಾ, ನಮಾಜು ಮುಗಿಸಿಯೇ ಫಾತಿಹಾ ಓದೋಣ ಎಂದ ಯಾರೋ, ದಿವಾನ ಕಿರುಗುಟ್ಟಿತು, ಮೊಳಕಾಲು ಹಿಡಿದು ಏಳುವ ಸದ್ದು, ತಯ್ಯಬ್ ಅವರೇ ಬನ್ನಿ, ಇಲ್ಲಿ ಎಡಗಡೆ, ನೀರು ಬರ್ತಾ ಇದೆ ಪುಣ್ಯಕ್ಕೆ, ಎಂದು ಬುವಾಲೆಮ್ ಆತನನ್ನು ಬಚ್ಚಲಿಗೆ ಕರೆತಂದ, ನನ್ನ ಅಡುಗೆಮನೆಯ ಎದುರಿಗೇ ಬಚ್ಚಲು, ಬಾಗಿಲು ತೆರೆದೇ ಇದೆ. ಬುವಾಲೆಮ್ ನನ್ನ ಕಡೆ ನೋಡಿದ, ಕಣ್ಣಿನಲ್ಲೇ ಬೇಡ ಎಂದ, ನಮಾಜಿನ ಚಾಪೆ ಹಾಸಲು ಹೋದ. ನಾನು ಇರುವುದು ನನ್ನ ಮನೆಯಲ್ಲಿ, ಮುಂದೆ ಆತ, ಹಿಂದೆ ಒಲೆ, ಕಿಟಕಿಗೆ ಸರಳು, ಎತ್ತ ಹೋಗಲಿ. ನೀರು ಬೀಳುತ್ತಿದೆ, ಕೈ ತೊಳೆದ, ಬಾಯಿ ಮುಕ್ಕಳಿಸಿದ, ಮುಖ, ಮೊಣಕೈವರೆಗೆ, ತಲೆ ಸವರಿಕೊಂಡ, ಪ್ಯಾಂಟು ಮಡಿಸಿ ಬಲಗಾಲನ್ನು ನಲ್ಲಿಯ ಕೆಳಗೆ ಎತ್ತಿಟ್ಟ, ಬರಿಗಾಲು, ಬಿಳಿಚಿಕೊಂಡ ಮುದಿ ಕಾಲು, ಹಿಮ್ಮಡಿಯ ಮೇಲೆ ಸುತ್ತಲೂ ಒಂದು ಗೆರೆ — ಕಾಲುಚೀಲದ ರಬ್ಬರು ಒತ್ತಿದ್ದು, ಎಲ್ಲ ಗಂಡಸರಿಗೂ ಇರುತ್ತದೆ, ಬುವಾಲೆಮ್‌ಗೂ ಇದೆ, ಇದೆ ತಾನೇ, ನೋಡಿದ್ದೇನೆ, ನೋಡಿದ್ದೇನೆಯೇ? ತಂಗೀ, ಒರಸ್ಕೊಳ್ಳೋಕೆ ಒಂದು ಬಟ್ಟೆ ಕೊಡ್ತೀರಾ, ಎಂದ, ಮರ್ಯಾದಸ್ಥ ಗಂಡಸು ನೋಡುವ ಹಾಗೆ ನೆಲ ನೋಡುತ್ತಾ. ಟವೆಲ್ ತೆಗೆದುಕೊಂಡು ಹೋದೆ. ಕೊಡಲಿಲ್ಲ, ಕೈಯಲ್ಲೇ ಹಿಡಿದು ನಿಂತೆ. ಬಾಯಿ ಕೇಳಿತು, ನಾನು ಕೇಳಲಿಲ್ಲ, ಬಾಯಿ ಕೇಳಿಬಿಟ್ಟಿತು, ಅಲ್ಲಿ ಮೇಲೆ ಇದ್ದಾಗ, ಬೂಟಿನ ಲಾಡಿ ಹರಿದುಹೋದ್ರೆ ಏನು ಕಟ್ತಾ ಇದ್ರಿ?

ಏನು, ಎಂದ. ಬೂಟಿಗೆ, ಎಂದೆ. ಆತ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ, ನಾನು ಮೊದಲ ಸಲ ಆತನ ಮುಖ ನೆಟ್ಟಗೆ ನೋಡಿದೆ, ಅದರಲ್ಲಿ ಏನೂ ಇರಲಿಲ್ಲ, ಒದ್ದೆ ಹುಬ್ಬು, ಮೂಗಿನ ಪಕ್ಕ ಒಂದು ನರಹುಲಿ, ಯಾರ ಅಜ್ಜನಾದರೂ ಆಗಬಹುದಾದ ಮುಖ. ತಂತಿ, ಎಂದ. ಹಳದೀದಾ? ನಲ್ಲಿ ನಿಲ್ಲಿಸಿದ. ಹಳದೀದು, ಎಂದ ನಿಧಾನಕ್ಕೆ. ಎಲ್ರೂ ಅದನ್ನೇ ಕಟ್ತಾ ಇದ್ವಿ ತಂಗೀ. ಬೆಟ್ಟದಲ್ಲಿ ಲಾಡಿ ಎಲ್ಲಿ ಸಿಗುತ್ತೆ, ಎಲ್ಲಿಂದಲೋ ಒಂದು ದೊಡ್ಡ ಸುರುಳಿ ತಂದು ಹಾಕಿದ್ರು, ವರ್ಷಗಟ್ಲೆ ಮುಗೀಲಿಲ್ಲ, ಬೂಟಿಗೂ ಅದೇ, ಡೇರೆಗೂ ಅದೇ. ಎಲ್ರೂನಾ, ಎಂದೆ. ಎಲ್ರೂ, ಎಂದ. ಎಲ್ಲರೂ, ಅಂದರೆ ನಾನು ಇಷ್ಟು ವರ್ಷ ಗುರುತು ಎಂದು ಬಿಗಿಯಾಗಿ ಹಿಡಿದುಕೊಂಡದ್ದು ಗುರುತೇ ಅಲ್ಲ, ಅದು ಆ ಇಡೀ ಬೆಟ್ಟದ ಕಾಲು. ಯಾರು, ಎಂದು ಕೇಳಿದ. ನನ್ನ ತಮ್ಮ, ಎಂದೆ, ಮೆದಿಯಾ ಬಸ್ಸು, ಹಸಿರು ಸ್ವೆಟರು ಹಾಕಿದ್ದ, ಒಂದು ತೋಳು ಗಿಡ್ಡ, ಚೀಟಿ ಅವನೇ ತೆಗೆದು ತೋರಿಸಿದ. ಆತ ಯೋಚಿಸಿದ. ನಿಜವಾಗಿ ಯೋಚಿಸಿದ, ಹಣೆ ಗಂಟು ಹಾಕಿಕೊಂಡು, ಎಲ್ಲೋ ಇಟ್ಟ ಕನ್ನಡಕ ನೆನಪಿಸಿಕೊಳ್ಳುವವರ ಹಾಗೆ, ಅದು ನನ್ನನ್ನು ಕೊಂದಿತು. ನೆನಪಿಲ್ಲ ತಂಗೀ, ಎಂದ. ದೇವರಾಣೆ ಸುಳ್ಳಲ್ಲ. ಬಸ್ಸುಗಳು ಸುಮಾರು ಇದ್ವು. ಕೆಲವಕ್ಕೆ ನಾನು ಬೆಟ್ಟದಿಂದ ಇಳೀತಿದ್ದೆ, ಕೆಲವಕ್ಕೆ ಬೇರೆಯವರು. ಚೀಟಿ ತಾವಾಗೇ ತೋರಿಸಿದ ಹುಡುಗರೂ ಸುಮಾರು ಜನ. ಟವೆಲಿಗಾಗಿ ಚಾಚಿದ ಕೈ ಹಾಗೇ ಗಾಳಿಯಲ್ಲಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ದನಿ ತಗ್ಗಿಸಿ, ನೀವು ಒಂದು ಮಾತು ಹೇಳಿ ಸಾಕು, ಎಂದ, ಎದೆನೋವು ಅಂತ ಹೇಳಿ ನಮ್ಮೋರನ್ನ ಎಬ್ಬಿಸ್ಕೊಂಡು ಹೋಗ್ತೀನಿ, ಫಾತಿಹಾ ಓದೋದು ಬೇಡ, ಆಮೇಲೆ ನಮ್ ಕಡೆಯಿಂದಲೇ ಬೇಡ ಆಯ್ತು ಅಂತೀನಿ, ನಿಮ್ಮ ಹೆಸರು ಎತ್ತಲ್ಲ, ಹುಡುಗಿಗೆ ಕೆಟ್ಟ ಹೆಸರು ಬರಲ್ಲ. ಹೇಳಿ.

ಇಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿರಲಿಲ್ಲ, ಬಸ್ಸಿನ ಬೂಟಿನ ಮೇಲೂ ಬಂದಿರಲಿಲ್ಲ. ಕೆಟ್ಟವನಾಗಿ ಬರಬಾರದಿತ್ತೇ, ಒಂದು ಸುಳ್ಳಾದರೂ ಹೇಳಬಾರದಿತ್ತೇ, ನಾನಲ್ಲ ಎನ್ನಬಾರದಿತ್ತೇ, ಆಗ ಇದೇ ಟವೆಲನ್ನು ಮುಖಕ್ಕೆ ಎಸೆದು ಊರು ಕೇಳುವ ಹಾಗೆ ಕೂಗುತ್ತಿದ್ದೆ. ಈಗ ಎಲ್ಲವನ್ನೂ ತೊಳೆದು ನನ್ನ ಕೈಗೆ ಇಟ್ಟುಬಿಟ್ಟ. ಬೇಡ ಎಂದರೆ ಶಹಿನಾಝ್ ಈ ಸರಳುಗಳೊಳಗೆ ನನ್ನ ಜೊತೆ ಮುದುಕಿಯಾಗುತ್ತಾಳೆ, ಮುಖ ನೋಡದೆ ಕಾಲು ನೋಡುತ್ತಾ. ಆಗಲಿ ಎಂದರೆ ಪ್ರತಿ ಹಬ್ಬಕ್ಕೂ ಈ ಕಾಲು ನನ್ನ ಹೊಸ್ತಿಲು ದಾಟುತ್ತದೆ, ನನ್ನ ಮೊಮ್ಮಗುವನ್ನು ಈ ಕೈ ಎತ್ತಿಕೊಳ್ಳುತ್ತದೆ, ನಾನು ತುಂಬಿದ ಖರ್ಜೂರ ತಿನ್ನುತ್ತದೆ, ಮತ್ತು ಇವನೋ ಅಲ್ಲವೋ ಎಂಬುದು ಸಾಯುವವರೆಗೂ ನನಗೆ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಿಲ್ಲ, ದೇವರೇ, ಅವನಿಗೂ ಗೊತ್ತಿಲ್ಲ. ಮುರಾದ್, ನೀನಾದರೂ ಹೇಳೋ. ಅವನು ಕಾಲುಚೀಲದಲ್ಲಿ ಇಳಿದು ಹೋಗುತ್ತಿದ್ದಾನೆ, ತಿರುಗಿ ನೋಡುವುದಿಲ್ಲ. ಕೋಣೆಯಿಂದ ಮತ್ತೆ ನನ್ನ ಮಗಳ ನಗು. ಟವೆಲ್ ಕೊಟ್ಟೆ. ಕಾಲು ಒರಸ್ಕೊಳ್ಳಿ, ಎಂದೆ, ನೆಲ ಜಾರುತ್ತೆ. ಕಾಫಿ ಆರಿಹೋಗುತ್ತೆ, ಬೇಗ ನಮಾಜು ಮುಗಿಸಿ. ಆತ ಏನೋ ಹೇಳಲು ಬಾಯಿ ತೆರೆದ, ನಾನು ಅಷ್ಟರಲ್ಲಿ ಅಡುಗೆಮನೆಯಲ್ಲಿದ್ದೆ.

ಹೆಂಗಸರ ಕೋಣೆ, ಯಮ್ಮಾ ದಿಂಬಿಗೆ ಒರಗಿ ತೂಕಡಿಸುತ್ತಿದ್ದಾಳೆ, ಬೀಗಿತ್ತಿ ಕಾಫಿಯ ಹಬೆ ಮೂಸಿ ಎಷ್ಟು ಘಮ ಅಮ್ಮಾ ಎನ್ನುತ್ತಿದ್ದಾಳೆ, ಶಹಿನಾಝ್ ನನ್ನನ್ನೇ ನೋಡುತ್ತಿದ್ದಾಳೆ, ಬಾಯಿ ತೆರೆದು ಕೇಳಲಾರಳು, ನಾನು ಅವಳ ಪಕ್ಕ ಕೂತು ಅವಳ ಜರಿಯ ತುದಿ ಸರಿಮಾಡಿದೆ, ಅಷ್ಟಕ್ಕೇ ಅವಳಿಗೆ ಗೊತ್ತಾಯಿತು, ನನ್ನ ಕೈ ಹಿಡಿದು ಮೂಳೆ ಮುರಿಯುವಷ್ಟು ಒತ್ತಿದಳು. ಗೋಡೆಯಾಚೆ ಫಾತಿಹಾ, ಎಲ್ಲ ಗಂಡಸರ ದನಿ ಒಂದಾಗಿ, ಯಾವುದು ಯಾರದೆಂದು ಬೇರೆ ಮಾಡಲಾಗದು, ಬುವಾಲೆಮ್, ಅನೀಸ್, ಆತ, ಆಮೇನ್, ಮುಗಿಯಿತು, ಮುಗಿದುಹೋಯಿತು, ಈಗ ಹೆಣ್ಣಿನ ತಾಯಿ ಮೊದಲ ಯೂಯೂ, ಸಂಭ್ರಮದ ಕೂಗು, ಹಾಕಬೇಕು, ನಾಲಿಗೆ ಹೊರಳಿಸಿ, ಬೀದಿಗೆ ಕೇಳುವ ಹಾಗೆ, ಅಲ್ಲಿಯವರೆಗೆ ಯಾರೂ ಹಾಕುವಂತಿಲ್ಲ, ಬೀಗಿತ್ತಿ ಬಟ್ಟಲು ಕೆಳಗಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ, ಬರುವುದಿಲ್ಲ, ಬರುವುದಿಲ್ಲ — ಬಂತು, ನನ್ನದೇ, ಉದ್ದಕ್ಕೆ, ಒಡೆಯದೆ, ಎಲ್ಲಿಂದ ಬಂತೋ, ಬೀಗಿತ್ತಿ ಜೊತೆ ಸೇರಿಸಿದಳು, ಎದುರು ಮನೆಯ ಸರಳುಗಳ ಹಿಂದಿನಿಂದ ಆ ಮನೆಯವಳೂ ಸೇರಿಸಿದಳು, ಯಮ್ಮಾ ಬೆಚ್ಚಿ ಎದ್ದಳು, ಏನೇ, ಏನಾಯ್ತೇ, ಒಳ್ಳೇದೇ ಆಯ್ತು ಯಮ್ಮಾ, ಮಲಕ್ಕೋ. ಶಹಿನಾಝ್ ಎದ್ದು ನಿಂತು ನನ್ನನ್ನು ಅಪ್ಪಿಕೊಂಡಳು, ಅಳುತ್ತಿದ್ದಾಳೆ, ನಗುತ್ತಿದ್ದಾಳೆ, ಅಮ್ಮಾ ಅಮ್ಮಾ, ಕತ್ತಿನಲ್ಲಿ ಬೆವರು, ಕೂದಲಲ್ಲಿ ಹೂವಿನ ನೀರು, ಮುಖ ನೋಡು ಸಲೀಹಾ, ಇವತ್ತೊಂದು ದಿನ ಮಗಳ ಮುಖ ನೋಡು, ಅವಳ ಗಲ್ಲ ಹಿಡಿದೆ, ಎತ್ತಿದೆ, ನೋಡಬೇಕು, ಕಣ್ಣು ಅಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ, ಮಖಮಲ್ಲು, ಜರಿ, ಅಂಚು, ಕೆಳಗೆ, ಇನ್ನೂ ಕೆಳಗೆ, ಚಾಪೆಯ ಮೇಲೆ ಅವಳ ಬರಿಗಾಲು, ಉಗುರಿಗೆ ಬಣ್ಣ, ಹಿಮ್ಮಡಿಯ ಮೇಲೆ, ಎರಡು ಸುತ್ತು, ಬಿಗಿಯಾಗಿ, ಹಳದಿ ತಂತಿ, ಎರಡು ಸುತ್ತು, ನನ್ನ ಮಗಳ ಬರಿಗಾಲಿಗೆ, ಹಳದಿ ತಂತಿ